ಥೇಟ್ ಹಾಲಿನಂತೆ

ಬೀದಿಯವರು ಅವಳಿಗೆ ಇಟ್ಟ ಹೆಸರು ಪ್ರಯೋಗದಕ್ಕ. ಮೂರನೇ ಮಹಡಿಯ ಅವಳ ಅಡುಗೆಮನೆ ಕಿಟಕಿಯಿಂದ ಮಿಕ್ಸಿಯ ಸದ್ದು ಹೊರಟಿತೋ, ಕೆಳಗೆ ಬಟ್ಟೆ ಒಣಹಾಕುತ್ತಿದ್ದವರು ಮುಖ ಮುಖ ನೋಡಿಕೊಂಡು, "ಶುರುವಾಯ್ತು ನೋಡ್ರೀ, ಇವತ್ತು ಯಾವ ಕಾಳಿನ ಗ್ರಹಚಾರ ಕೆಟ್ಟಿದೆಯೋ" ಎಂದು ನಗುತ್ತಿದ್ದರು. ಸೋಯಾ ಆಗಲಿ, ಓಟ್ಸ್ ಆಗಲಿ, ಗೋಡಂಬಿಯಾಗಲಿ, ಅವಳ ಕೈಗೆ ಸಿಕ್ಕ ಮೇಲೆ ನೆನೆದು, ರುಬ್ಬಿಸಿಕೊಂಡು, ಬಟ್ಟೆಯಲ್ಲಿ ಸೋಸಿಸಿಕೊಂಡು ಬಿಳಿ ನೀರಾಗಿಯೇ ಹೊರಗೆ ಬರಬೇಕು. ಜನ ನಗುತ್ತಾರೆ ಅಂತ ಅವಳಿಗೂ ಗೊತ್ತಿತ್ತು. ಅವರ ಬಾಯಿ ಮುಚ್ಚಿಸಿಕೊಂಡು ಕೂರಲು ಪುರುಸೊತ್ತಿರಲಿಲ್ಲ, ಅಷ್ಟೇ.

ಅವಳಿಗೆ ಇದೇನು ಹೊತ್ತು ಹೋಗದವರ ಹವ್ಯಾಸ ಆಗಿರಲಿಲ್ಲ. ಅವಳ ಚಿಕ್ಕ ಮಗಳಿಗೆ, ಮನೆಯವರೆಲ್ಲ ಗುಬ್ಬಿ ಅಂತ ಕರೆಯುವ ಹುಡುಗಿಗೆ, ಹಾಲು ಆಗುತ್ತಿರಲಿಲ್ಲ. ಹಾಲು ಆಗಲ್ಲ ಅಂದರೆ ಜನ ಹೊಟ್ಟೆ ಉಬ್ಬರ ಅಂದುಕೊಳ್ಳುತ್ತಾರೆ. ಎಂಟು ತಿಂಗಳ ಕೂಸಿಗೆ ಅರ್ಧ ಚಮಚ ಹಾಲು ನಾಲಿಗೆಗೆ ತಾಗಿದ್ದೇ ತಡ, ತುಟಿ ಊದಿ, ಮೈತುಂಬ ದದ್ದು ಎದ್ದು, ಉಸಿರು ಸಿಕ್ಕಿಕೊಂಡು, ಆಸ್ಪತ್ರೆ ಬಾಗಿಲು ಮುಟ್ಟುವಷ್ಟರಲ್ಲಿ ಮಗು ನೀಲಿಯಾಗಿತ್ತು. ಮೊಟ್ಟೆ, ಮೀನು ಎರಡೂ ಅದೇ ಜಾತಿಯ ಶತ್ರುಗಳು ಅಂತ ಆಮೇಲೆ ಗೊತ್ತಾಯಿತು. ಅವತ್ತೇ ಅವಳು ತೀರ್ಮಾನ ಮಾಡಿದಳು. ಮಣ್ಣಲ್ಲಿ ಬೆಳೆಯದ ಯಾವ ಪದಾರ್ಥವೂ ಈ ಅಡುಗೆಮನೆ ಹೊಸ್ತಿಲು ದಾಟಬಾರದು. ಅತ್ತೆ, ಗಂಡ, ದೊಡ್ಡ ಮಗಳು ಮೂವರೂ ತುಟಿ ಪಿಟಕ್ಕೆನ್ನದೆ ಒಪ್ಪಿದರು. ಒಪ್ಪದೆ ಏನು ಮಾಡಿಯಾರು, ನೀಲಿಯಾದ ಮಗುವನ್ನು ಅವರೂ ನೋಡಿದ್ದರಲ್ಲ.

ಗುಬ್ಬಿಗೆ ಮೂರು ತುಂಬಿದಾಗ ಹೊಸ ಸಂಕಟ ಶುರುವಾಯಿತು. ಶಾಲೆಯಲ್ಲಿ ಬೇರೆ ಮಕ್ಕಳ ಲೋಟದಲ್ಲಿ ಬೆಳ್ಳಗೆ ಹಾಲು, ಇವಳ ಲೋಟದಲ್ಲಿ ಕೆಸರಿನ ಬಣ್ಣದ ಸೋಯಾ ನೀರು. ಒಂದು ಮಧ್ಯಾಹ್ನ ಮನೆಗೆ ಬಂದವಳೇ ಚೀಲ ಬಿಸಾಕಿ, "ನನ್ದು ಮಾತ್ರ ಯಾಕೆ ಕೊಳಕು ಹಾಲು?" ಎಂದು ಕೇಳಿದಳು. ಮಕ್ಕಳು ಏನು ಬೇಕಾದರೂ ಕೇಳುತ್ತಾರೆ, ನಾವು ಅರ್ಧ ಕಿವಿಯಲ್ಲಿ ಕೇಳಿ ಬಿಡುತ್ತೇವೆ. ಇವಳಿಗೆ ಬಿಡಲು ಆಗಲಿಲ್ಲ. ಯಾಕೆಂದರೆ ಮದುವೆಗೆ ಮುಂಚೆಯಿಂದ ಹನ್ನೊಂದು ವರ್ಷ ಅವಳು ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವ ಕೆಲಸ ಮಾಡಿದವಳು. ಗಿರಾಕಿ ಹಳೇ ಗೋಡೆಯ ಒಂದು ಚಕ್ಕೆ ತಂದುಕೊಟ್ಟರೆ ಸಾಕು, ಇದಕ್ಕೆ ಎರಡು ತೊಟ್ಟು ಹಳದಿ, ಒಂದು ತೊಟ್ಟು ಕಪ್ಪು ಅಂತ ಸೇರಿಸಿ ತಿರುಗಿಸಿ, ಹೊಸದು ಯಾವುದು ಹಳತು ಯಾವುದು ಅಂತ ಗಿರಾಕಿಯೇ ತಬ್ಬಿಬ್ಬಾಗುವ ಹಾಗೆ ಮಾಡಿಕೊಡುತ್ತಿದ್ದಳು. ಇಂಥವಳ ಮಗಳು ಕೊಳಕು ಹಾಲು ಕುಡಿಯುವುದೇ? ಥೇಟ್ ಹಾಲಿನಂತೆ ಇರಬೇಕು, ಒಂದು ಕೂದಲೆಳೆಯೂ ಆಚೀಚೆ ಆಗಬಾರದು ಅಂತ ಹಠ ಹಿಡಿದಳು.

ಮನೆ ನಡೆಸಿಕೊಂಡು ಹಠ ಸಾಧಿಸುವುದು ಏನು ಸುಲಭವೇ? ಒಂದು ಒಲೆಯಲ್ಲಿ ಅತ್ತೆಯ ಗಂಜಿ, ಇನ್ನೊಂದರಲ್ಲಿ ಪ್ರಯೋಗ. ದೊಡ್ಡವಳ ಹಳೇ ಗಣಿತದ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಎಷ್ಟು ಕಾಳಿಗೆ ಎಷ್ಟು ನೀರು, ಎಷ್ಟು ನಿಮಿಷ ಕುದಿ ಅಂತ ಬರೆಯುತ್ತ, ಆ ಕಡೆಯಿಂದ "ಅಮ್ಮ, ಏಳೆಂಟ್ಲ ಎಷ್ಟು?" ಅಂದರೆ ಐವತ್ತಾರು ಅಂತ ಕೂಗಿ, ಆಮೇಲೆ ನೋಡಿದರೆ ನೀರಿನ ಲೆಕ್ಕದಲ್ಲೂ ಐವತ್ತಾರೇ ಬಿದ್ದಿರುತ್ತಿತ್ತು. ಕೆಟ್ಟಿದ್ದನ್ನೆಲ್ಲ ಮನೆಯವರೇ ತಿಂದು ಮುಗಿಸಬೇಕು. ಮೊದಲನೇ ಸಲ ಮಾಡಿದ ಗೋಡಂಬಿ ಚೀಸು ಕೈ ಜಾರಿ ಬಿದ್ದು ನೆಲದ ಮೇಲೆ ಪುಟಿಯಿತು. ಎರಡನೆಯದನ್ನು ಬಾಯಿಗಿಟ್ಟ ಗಂಡ ತುಂಬ ಹೊತ್ತು ಅಗಿದು, "ಚೆನ್ನಾಗಿದೆ ಕಣೇ, ಇದನ್ನ ಲಿಫ್ಟಿನ ಹಗ್ಗಕ್ಕೆ ಸವರಿದ್ರೆ ಹತ್ತು ವರ್ಷ ತುಕ್ಕು ಹಿಡಿಯಲ್ಲ" ಎಂದ. ಅವನು ಲಿಫ್ಟ್ ರಿಪೇರಿ ಮಾಡುವವನು, ಅವನ ಹೊಗಳಿಕೆಯೆಲ್ಲ ಹಗ್ಗ, ಗ್ರೀಸುಗಳ ಸುತ್ತಲೇ ಇರುತ್ತಿತ್ತು.

ಭಾನುವಾರ ಬೆಳಗ್ಗೆ ಪರೀಕ್ಷೆ. ಗಂಡ ಹೊರಗಿನಿಂದ ಒಂದು ಮುಚ್ಚಿದ ಲೋಟದಲ್ಲಿ ನಿಜವಾದ ಹಾಲು ತರುತ್ತಿದ್ದ. ಹೊರಗಿನ ಕೋಣೆಯಲ್ಲಿ ಎರಡು ಲೋಟ ಪಕ್ಕಪಕ್ಕ ಇಟ್ಟು, ಅತ್ತೆ, ಗಂಡ, ದೊಡ್ಡವಳು ಸರದಿಯ ಮೇಲೆ ಕಣ್ಣು ಮುಚ್ಚಿಕೊಂಡು ಕುಡಿದು ಯಾವುದು ಯಾವುದು ಅಂತ ಹೇಳಬೇಕು. ಕೊನೆಯ ಪರೀಕ್ಷಕಿ ಗುಬ್ಬಿ. ಅವಳಿಗೆ ಕುಡಿಯುವ ಹಕ್ಕಿಲ್ಲ, ಎರಡು ಮಾರು ದೂರ ನಿಂತು ಮೂಗು ಅರಳಿಸಿ ಮೂಸುತ್ತಿದ್ದಳು. ಮೂಸಿ, ಬೆರಳು ತೋರಿಸಿ, "ಅದು ಕೆಟ್ಟದ್ದು, ಇದು ನನ್ದು" ಎನ್ನುತ್ತಿದ್ದಳು. ಒಂದು ಸಲವೂ ತಪ್ಪುತ್ತಿರಲಿಲ್ಲ. ಆ ಮೂಗಿನ ಮೇಲೆ ಮನೆಯವರಿಗೆಲ್ಲ ಎಷ್ಟು ಭರವಸೆ ಅಂದರೆ, ಎಲ್ಲಾದರೂ ಹೋದಾಗ "ಯಾರೇ ಏನೇ ಕೊಟ್ರೂ ಮೊದಲು ಮೂಸು, ಹಾಲಿನ ವಾಸನೆ ಬಂದ್ರೆ ಮುಟ್ಬೇಡ" ಅಂತ ಹೇಳಿ ಕಳಿಸುತ್ತಿದ್ದರು. ಡಾಕ್ಟರಿಗೆ ಈ ವಿಷಯ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅವತ್ತೇ ಉಗಿಸಿಕೊಂಡು ಬರುತ್ತಿದ್ದರು.

ಎರಡು ವರ್ಷ ಕಳೆದರೂ ಮೂಗಿನ ಪರೀಕ್ಷೆಯಲ್ಲಿ ಮಾತ್ರ ಪ್ರಯೋಗದಕ್ಕ ಪಾಸಾಗಲಿಲ್ಲ. ಬಣ್ಣ ಬಂತು, ಕೆನೆ ಬಂತು, ನಾಲಿಗೆಗೂ ಮೋಸ ಗೊತ್ತಾಗುತ್ತಿರಲಿಲ್ಲ, ವಾಸನೆ ಮಾತ್ರ ಬರಲೊಲ್ಲದು. ಕೊನೆಗೆ ಅದು ಬಂದದ್ದು ದೊಡ್ಡವಳ ಜ್ವರದಿಂದ. ಹಣೆಗೆ ಒದ್ದೆ ಬಟ್ಟೆ ಹಾಕಲು ಹೋದ ಅಮ್ಮ ಒಲೆಯ ಮೇಲಿದ್ದ ಪ್ರಯೋಗದ ಹಾಲನ್ನು ಮರೆತಳು, ಪಾತ್ರೆ ಚೂರೇ ಚೂರು ತಳ ಹಿಡಿಯಿತು. ಓಡಿಬಂದು ಮುಚ್ಚಳ ತೆಗೆದರೆ ಮೂಗಿಗೆ ಬಡಿದದ್ದು ಆಗತಾನೇ ಕಾಸಿ ಇಳಿಸಿದ ಹಾಲಿನ ವಾಸನೆ! ಅವಳು ಜ್ವರದ ಮಗಳನ್ನೂ ಎಬ್ಬಿಸಿ ಮೂಸಿಸಿದಳು.

ಮುಂದಿನ ಭಾನುವಾರ ಎರಡು ಲೋಟಗಳ ಎದುರು ಗುಬ್ಬಿ ಬಹಳ ಹೊತ್ತು ನಿಂತಳು. ಮೂಗು ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು. ಆಮೇಲೆ ಮುಖವರಳಿಸಿ, "ಎರಡೂ ನನ್ದೇ!" ಎಂದಳು.

ಮನೆಯೆಲ್ಲ ಚಪ್ಪಾಳೆ ತಟ್ಟಿತು. ಗಂಡ ಮಗಳನ್ನು ಹೆಗಲಿಗೇರಿಸಿಕೊಂಡು ಕುಣಿದ. ಅತ್ತೆ ಸೊಸೆಯ ಬೆನ್ನು ತಟ್ಟಿ, "ಗೆದ್ದೆ ಬಿಡು" ಎಂದರು. ಸೊಸೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಐದು ಜನ ಇದ್ದ ಮನೆ, ಎಲ್ಲರಿಗೂ ಬುದ್ಧಿ ನೆಟ್ಟಗೇ ಇತ್ತು, ಆದರೂ ಅವತ್ತು ಆ ಮನೆಯಲ್ಲಿ ಕಳೆದುಹೋದದ್ದು ಏನು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಇದನ್ನು ಬರೆಯುವಾಗ ನನಗೆ ಅವರ ಮೇಲೆ ಸಿಟ್ಟು ಬರುತ್ತದೆ. ಆದರೆ ನಾನಿದ್ದರೂ ಚಪ್ಪಾಳೆ ತಟ್ಟುತ್ತಿದ್ದೆ.

ಆಮೇಲೆ ಆರು ತಿಂಗಳು ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಪರಿಚಯವಾದ, ಇಂಥದೇ ಮಕ್ಕಳಿರುವ ಒಂಬತ್ತು ತಾಯಂದಿರಿಗೆ ಹಾಲಿನ ವಿಧಾನ ಬರೆದುಕೊಟ್ಟಳು. ಬೀದಿಯ ಮನೆಗಳಿಗೆ ರುಚಿ ನೋಡಲು ಬಾಟಲಿ ಬಾಟಲಿ ಕಳಿಸಿದಳು. ನಗುತ್ತಿದ್ದವರು ಈಗ ಖಾಲಿ ಬಾಟಲಿ ತೊಳೆದು ವಾಪಸು ಕಳಿಸಿ ಇನ್ನೊಂದಕ್ಕೆ ಕಾಯತೊಡಗಿದರು. ಎಲ್ಲರಿಗಿಂತ ಹೆಚ್ಚು ಬಾಟಲಿ ಹೋಗುತ್ತಿದ್ದದ್ದು ಮೊದಲನೇ ಮಹಡಿಯ ಟೈಲರಮ್ಮನ ಮನೆಗೆ. ಅವಳ ಮೊಮ್ಮಗಳೂ ಗುಬ್ಬಿಯೂ ಒಂದೇ ತರಗತಿ.

ಒಂದು ದಿನ ಶಾಲೆ ಬಿಟ್ಟ ಮೇಲೆ ಗುಬ್ಬಿ ಆಡಲು ಅಲ್ಲಿಗೇ ಹೋದಳು. ಟೈಲರಮ್ಮ ಮೊಮ್ಮಗಳಿಗೆ ಕಾಸಿದ ಹಾಲು ಲೋಟಕ್ಕೆ ಬಗ್ಗಿಸಿಟ್ಟು, ಗಿರಾಕಿ ಬಂದರು ಅಂತ ಮುಂದಿನ ಕೋಣೆಗೆ ನಡೆದಳು. ಗುಬ್ಬಿ ಲೋಟದ ಹತ್ತಿರ ಬಂದಳು. ಕಲಿಸಿದ ಹಾಗೇ ಮೂಸಿದಳು. ಮನೆಯ ವಾಸನೆ ಬಂತು. ಅಮ್ಮ ಕಳಿಸಿದ ಬಾಟಲಿಯದೇ ಇರಬೇಕು ಅಂದುಕೊಂಡು ಅರ್ಧ ಲೋಟ ಕುಡಿದಳು.

ಟೈಲರಮ್ಮನ ಚೀರಾಟ ಮೂರನೇ ಮಹಡಿಗೆ ಕೇಳಿಸಿದಾಗ ಪ್ರಯೋಗದಕ್ಕ ಮರುದಿನದ ಹಾಲು ಸೋಸುತ್ತಿದ್ದಳು. ಬಾಗಿಲ ಪಕ್ಕದ ಮೊಳೆಯಲ್ಲಿ ಸದಾ ತೂಗುತ್ತಿದ್ದ ಚೀಲದಿಂದ, ಇಂಥ ಹೊತ್ತಿಗೆಂದೇ ಡಾಕ್ಟರು ಕೊಟ್ಟಿದ್ದ ಇಂಜೆಕ್ಷನ್ ಕಿತ್ತುಕೊಂಡು, ಮೆಟ್ಟಿಲು ಇಳಿದಳೋ ಹಾರಿದಳೋ ಅವಳಿಗೇ ನೆನಪಿಲ್ಲ. ಫ್ರಾಕಿನ ಮೇಲಿಂದಲೇ ಮಗಳ ತೊಡೆಗೆ ಚುಚ್ಚಿದಳು. ಟೈಲರಮ್ಮನ ಗಂಡ ಗಾಡಿ ತೆಗೆದ. ದಾರಿಯುದ್ದಕ್ಕೂ ಮಗಳ ಎದೆಯ ಮೇಲೆ ಕೈಯಿಟ್ಟು, ಏರಿತೇ, ಇಳಿಯಿತೇ ಅಂತ ನೋಡುತ್ತ, ಒಂದು ಕಡೆ ಅದು ಏರುವುದು ನಿಂತಾಗ ಅವಳ ಬಾಯಿಂದ ಹೊರಟ ಶಬ್ದ ಕೇಳಿ ಆ ಮನುಷ್ಯ ಸಿಗ್ನಲ್ಲನ್ನೂ ಲೆಕ್ಕಿಸದೆ ನುಗ್ಗಿಸಿದ.

ಮಗು ಬದುಕಿತು. ಎರಡು ದಿನ ಗಂಟಲಲ್ಲಿ ನಳಿಗೆ ಇತ್ತು. ಮೂರನೇ ದಿನ ಅದನ್ನು ತೆಗೆದ ಮೇಲೆ ಡಾಕ್ಟರು ಎಲ್ಲ ವಿಚಾರಿಸಿ, ಮೂಗಿನ ಪರೀಕ್ಷೆಯ ಕಥೆ ಕೇಳಿ, ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು. "ವಾಸನೆಯನ್ನ ನಂಬ್ಕೊಂಡು ಮಗು ಬೆಳೆಸ್ತಿದ್ರಾ? ಪೊಟ್ಟಣದ ಮೇಲೆ ಬರೆದಿರೋದು ಓದಿ, ಗೊತ್ತಿಲ್ಲದೇ ಇರೋದು ಕೊಡ್ಬೇಡಿ ಅಂತ ಎಷ್ಟು ಸಲ ಹೇಳಿದ್ದೀನಿ ನಾನು" ಎಂದರು. ಗಂಡ ತಲೆ ತಗ್ಗಿಸಿದ. ಆ ಬೈಗುಳ ಅವಳಿಗೆ ನಾಟಲೇ ಇಲ್ಲ. ಅದಕ್ಕಿಂತ ಮುಂಚೆ, ಹಾಸಿಗೆಯ ಪಕ್ಕದಲ್ಲಿ, ಒಡೆದ ದನಿಯಲ್ಲಿ ಮಗಳು ಹೇಳಿದ್ದು ನಾಟಿಬಿಟ್ಟಿತ್ತು.

"ಮೂಸಿ ನೋಡ್ದೆ ಅಮ್ಮ. ನೀನು ಹೇಳ್ಕೊಟ್ಟ ಹಾಗೇ ಮೂಸಿದೆ. ನಮ್ಮನೇದೇ ಆಗಿತ್ತು."

ಮನೆಗೆ ಬಂದವಳು ಮೊದಲು ಮಾಡಿದ ಕೆಲಸ ಫೋನು. ಒಂಬತ್ತು ಮನೆಗೂ ಮಾಡಿದಳು. ಆ ಹಾಲು ನಿಲ್ಲಿಸಿಬಿಡಿ, ನಿಮ್ಮ ಮಗುವಿಗೆ ನಿಜವಾದ ಹಾಲಿನ ಗುರುತೇ ಸಿಗದ ಹಾಗೆ ಆಗುತ್ತೆ ಅಂತ ಒಂದೇ ಮಾತನ್ನು ಒಂಬತ್ತು ಸಲ ಹೇಳಿದಳು. ಕೆಲವರು ಅತ್ತರು, ಕೆಲವರು ಥ್ಯಾಂಕ್ಸ್ ಅಂದರು. ಒಬ್ಬಳು ಮಾತ್ರ, "ನನ್ನ ಮಗ ಹುಟ್ಟಿದ ಮೇಲೆ ಮೊದಲನೇ ಸಲ ನಗ್ತಾ ಕುಡೀತಿದಾನೆ. ಕೊಟ್ಟಿದ್ದೂ ನೀವೇ, ಕಿತ್ಕೊಳ್ತಿರೋದೂ ನೀವೇ. ನಿಮಗೆ ಇದೆಲ್ಲ ಆಟ ಆಗಿದೆಯಾ?" ಎಂದು ಫೋನು ಕುಕ್ಕಿದಳು. ಅವಳಿಗೆ ಮತ್ತೆ ಮಾಡಿದಳು. ಮೂರನೇ ಸಲ ಅವಳ ಗಂಡ ಎತ್ತಿ, ನಿಲ್ಲಿಸುತ್ತೇವೆ ಅಂತ ಮಾತು ಕೊಟ್ಟ.

ನಿಜವಾದ ಕಷ್ಟ ಶುರುವಾದದ್ದು ಅವತ್ತು ಸಂಜೆಯ ಊಟಕ್ಕೆ. ಗುಬ್ಬಿ ತಟ್ಟೆಯ ಮುಂದೆ ಕೂತಳು. ಅನ್ನ, ಬೇಯಿಸಿದ ಕ್ಯಾರೆಟ್ಟು. ಬಗ್ಗಿ ಮೂಸಿದಳು, ಮತ್ತೆ ಮೂಸಿದಳು, ಆಮೇಲೆ ತಟ್ಟೆಯನ್ನು ಎರಡೂ ಕೈಯಿಂದ ದೂರ ತಳ್ಳಿದಳು.

"ಯಾಕೆ ಪುಟ್ಟಾ, ಬರೀ ಕ್ಯಾರೆಟ್ಟು ಅದು."

"ನಂಗೆ ಗೊತ್ತಾಗಲ್ಲ ಅಮ್ಮ."

ಜಪ್ಪಯ್ಯ ಅಂದರೂ ಬಾಯಿ ತೆರೆಯಲಿಲ್ಲ. ಮರುದಿನವೂ ಇಲ್ಲ. ಆಸ್ಪತ್ರೆಯಲ್ಲಿ ನರ್ಸು ಕಣ್ಣೆದುರೇ ಕತ್ತರಿಸಿ ಕೊಡುತ್ತಿದ್ದಂಥ ಗ್ಲೂಕೋಸ್ ಪೊಟ್ಟಣ ಒಂದನ್ನು ಮಾತ್ರ ಮನೆಯಲ್ಲೂ ಒಪ್ಪುತ್ತಿದ್ದಳು, ಅದೂ ನೀರು ತಾನೇ ನಲ್ಲಿಯಿಂದ ಹಿಡಿದರೆ. ಅಮ್ಮ ಅಡುಗೆಮನೆಗೆ ನುಗ್ಗಿದಳು. ಯಾವುದನ್ನೂ ಹೋಲದ ಅಡುಗೆ ಮಾಡುತ್ತೇನೆ ಅಂತ ಬೀಟ್‌ರೂಟ್ ಹಾಕಿ ಕಡುಗೆಂಪು ಸೂಪು ಮಾಡಿದಳು. ಗುಬ್ಬಿ ಮುಟ್ಟಲಿಲ್ಲ. ಕಡಲೆಕಾಯಿ ಘಮ್ಮೆನ್ನುವ ಹಾಗೆ ಹುರಿದು ಅರೆದು ಕೊಟ್ಟಳು. ಮುಟ್ಟಲಿಲ್ಲ. ಮಗಳು ನಂಬಲಿ ಅಂತ ತಾನೇ ಒಂದು ಚಮಚ ಬಾಯಿಗಿಟ್ಟು, "ನೋಡು, ನಾನು ತಿಂದೆ, ಏನೂ ಆಗ್ಲಿಲ್ಲ" ಎಂದಳು.

ಗುಬ್ಬಿ ಅವಳ ಮುಖವನ್ನೇ ನೋಡಿ, "ನಿಂಗೆ ಯಾವ್ದು ತಿಂದ್ರೂ ಏನೂ ಆಗಲ್ಲ" ಎಂದಳು.

ದೊಡ್ಡವಳು ಎದ್ದು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಂಡ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಕೂತ, ಕೂತಲ್ಲಿ ಕೂರಲಾರದೆ ಸ್ವಿಚ್‌ಬೋರ್ಡುಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕಿದ. ಐದನೇ ದಿನ ಡಾಕ್ಟರ ತಕ್ಕಡಿಯ ಮೇಲೆ ನಿಲ್ಲಿಸಿದರೆ ಎರಡೂವರೆ ಕೆಜಿ ಇಳಿದಿತ್ತು. ಇರುವುದೇ ಒಂದು ಹಿಡಿ ಮಗು, ಅದರಲ್ಲಿ ಎರಡೂವರೆ! "ಹೆದರಿಕೆ. ಬಲವಂತ ಮಾಡ್ಬೇಡಿ. ಇನ್ನು ಮೂರು ದಿನ ನೋಡೋಣ, ಇಲ್ಲಾಂದ್ರೆ ಮೂಗಿಂದ ನಳಿಗೆ ಹಾಕ್ಬೇಕಾಗುತ್ತೆ" ಎಂದರು. ನಳಿಗೆ ಎಂಬ ಮಾತು ಕೇಳಿದ್ದೇ ಗುಬ್ಬಿ ಅಪ್ಪನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಳು, ಆದರೆ ಅವತ್ತೂ ತಿನ್ನಲಿಲ್ಲ.

ಪ್ರಯೋಗದಕ್ಕ ಮತ್ತೆ ಮತ್ತೆ ಒಲೆಯ ಮುಂದೆ ಬಂದು ನಿಲ್ಲುತ್ತಿದ್ದಳು. ಏನು ಮಾಡಲು ಹೋದರೂ ಕೈ ತಾನೇ ತಾನಾಗಿ ಹದ ಹುಡುಕುತ್ತಿತ್ತು, ಒಂದು ಚಿಟಿಕೆ ಉಪ್ಪು, ಇನ್ನೊಂದು ಕುದಿ, ಇನ್ನಷ್ಟು ನಯ. ಇಷ್ಟು ವರ್ಷ ಈ ಕೈ ಬೆವರು ಸುರಿಸಿದ್ದು ಮಗಳ ಹೊಟ್ಟೆಗಾಗಿಯೇ ತಾನೇ? ಇಲ್ಲ, ಗೆಲ್ಲುವ ಚಪಲವೂ ಅದರಲ್ಲಿತ್ತು ಅಂತ ಅವಳಿಗೆ ಈಗ ಗೊತ್ತಿತ್ತು. ಆ ಲೋಟಗಳ ಮುಂದೆ ಮಗಳು ತಬ್ಬಿಬ್ಬಾಗುವುದನ್ನು ನೋಡಲು ಅವಳು ಎರಡು ವರ್ಷ ಕಾದಿದ್ದಳು. ಮಗಳ ಕಾವಲಿಗಿದ್ದ ಒಂದೇ ಒಂದು ನಾಯಿ ಆ ಮೂಗು, ಅದಕ್ಕೆ ನಾನೇ ಅನ್ನ ಹಾಕಿ ಮಲಗಿಸಿದೆ ಅಂತ ಅತ್ತೆಯ ಮುಂದೆ ಹೇಳಿಕೊಂಡು ಬಿಕ್ಕಿದಳು. ಅತ್ತೆ ಸಮಾಧಾನದ ಮಾತು ಆಡುವವರಲ್ಲ. "ಅಳೋದಾದ್ರೆ ಆ ಕಡೆ ಹೋಗಿ ಅಳು. ಮಗು ನೋಡುತ್ತೆ" ಎಂದರು.

ಏಳನೇ ದಿನ ಮಧ್ಯಾಹ್ನ ಅತ್ತೆ ಹೊರಗಿನ ಕೋಣೆಯ ನೆಲದ ಮೇಲೆ ಕಾಲು ಚಾಚಿ ಕೂತು ಹಸಿ ಬಟಾಣಿ ಬಿಡಿಸುತ್ತಿದ್ದರು. ತರಕಾರಿಯವನಿಂದ ತಾವೇ ಹೋಗಿ ತಂದದ್ದು. ಯಾರಿಗೂ ಏನೂ ಹೇಳಿರಲಿಲ್ಲ, ಗುಬ್ಬಿಯನ್ನು ಕರೆಯಲೂ ಇಲ್ಲ. ತಮ್ಮಷ್ಟಕ್ಕೆ ಸಿಪ್ಪೆ ಚಿಟ್ ಅನ್ನಿಸಿ, ಕಾಳು ಬಟ್ಟಲಿಗೆ ಉದುರಿಸಿ, ಎಷ್ಟು ಹುಳ, ಎಷ್ಟು ಪೊಳ್ಳು ಅಂತ ತರಕಾರಿಯವನನ್ನು ಬೈದುಕೊಳ್ಳುತ್ತಿದ್ದರು. ಗೋಡೆಗೆ ಒರಗಿ ಕೂತಿದ್ದ ಗುಬ್ಬಿ ಸ್ವಲ್ಪ ಸ್ವಲ್ಪವೇ ಜರುಗಿ ಹತ್ತಿರ ಬಂದಳು. ರಾಶಿಯಿಂದ ಒಂದು ಕಾಯಿ ಎತ್ತಿಕೊಂಡಳು. ತಿರುಗಿಸಿ ಮುರುಗಿಸಿ ನೋಡಿದಳು, ಎಲ್ಲೂ ಬಿರುಕಿಲ್ಲ.

"ಇದ್ರೊಳಗೆ ಯಾರಾದ್ರೂ ಕೈ ಹಾಕಿದಾರಾ ಅಜ್ಜಿ?"

"ಹೇಗೆ ಹಾಕ್ತಾರೆ? ಅದಕ್ಕೆ ಬಾಗ್ಲು ಇದೆಯಾ?"

ಗುಬ್ಬಿ ಉಗುರಿನಿಂದ ಅದನ್ನು ಸೀಳಿದಳು. ಒಳಗೆ ಆರು ಕಾಳು. ಒಂದನ್ನು ಬಾಯಿಗೆ ಹಾಕಿಕೊಂಡು, ಅಗಿಯದೆ, ಕೆನ್ನೆಯಲ್ಲೇ ಇಟ್ಟುಕೊಂಡು ಕಾದಳು. ತುಟಿ ಮುಟ್ಟಿ ನೋಡಿಕೊಂಡಳು. ಊದಲಿಲ್ಲ. ಅಗಿದಳು.

ಅಡುಗೆಮನೆ ಬಾಗಿಲಲ್ಲಿ ಅಮ್ಮ ನಿಂತು ನೋಡುತ್ತಿದ್ದಳು. ಬೇಯಿಸಿ ಕೊಡಲೇ, ಉಪ್ಪು ಹಾಕಲೇ ಅಂತ ಒಂದು ಹೆಜ್ಜೆ ಮುಂದಿಟ್ಟಳು. ಅತ್ತೆ ತಲೆಯೆತ್ತದೆ, ಮೆಲ್ಲಗೆ, "ಅಲ್ಲೇ ನಿಂತ್ಕೋ. ಮುಂದೆ ಬಂದ್ರೆ ನೋಡು" ಎಂದರು. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಳು. ಗುಬ್ಬಿ ಎರಡನೇ ಕಾಯಿ ಸೀಳಿದಳು.

ಅವತ್ತು ಹತ್ತು ಕಾಯಿ. ಮರುದಿನ ಸಿಪ್ಪೆ ಸಮೇತದ ಬಾಳೆಹಣ್ಣು, ತಾನೇ ಒಡೆದ ಕಡಲೆಕಾಯಿ. ಸಿಪ್ಪೆಯೊಳಗಿರುವುದು, ತಾನೇ ಬಿಚ್ಚಿದ್ದು, ಇಷ್ಟಕ್ಕೆ ಮಾತ್ರ ಒಪ್ಪಿಗೆ. ಯಾರಾದರೂ ಸುಲಿದು ಕೊಟ್ಟರೆ ಮುಗಿಯಿತು, ಅದು ಕಸಕ್ಕೆ. ಡಾಕ್ಟರು ನಳಿಗೆಯ ಮಾತು ಎತ್ತಲಿಲ್ಲ.

ಮೂರನೇ ವಾರದಲ್ಲಿ ಒಂದು ಸಂಜೆ ಗುಬ್ಬಿ ಸ್ಟೂಲನ್ನು ದರದರ ಎಳೆದುಕೊಂಡು ಅಡುಗೆಮನೆಗೆ ಬಂದಳು. ಪಾತ್ರೆ ತಾನೇ ತೊಳೆದಳು. ನೀರು ತಾನೇ ಹಿಡಿದಳು. ಎರಡು ಆಲೂಗೆಡ್ಡೆಗೆ ಮಣ್ಣು ಉಜ್ಜಿ ತೆಗೆದು ಹಾಕಿ, ಬಟಾಣಿ ಬಿಡಿಸಿ ಹಾಕಿದಳು. ಒಲೆ ಹಚ್ಚುವುದು ಮಾತ್ರ ಬರಲಿಲ್ಲ. ಅದಕ್ಕೆ ಅಕ್ಕನನ್ನು ಕರೆದಳು, ಅಮ್ಮನನ್ನು ಕರೆಯಲಿಲ್ಲ. ಅಮ್ಮ ಎರಡೇ ಅಡಿ ದೂರದಲ್ಲಿ ನಿಂತಿದ್ದಳು. ಅಕ್ಕ ಹಚ್ಚಿಕೊಟ್ಟು, ಅಮ್ಮನ ಮುಖ ನೋಡಲಾರದೆ ಹೊರಗೆ ಹೋದಳು. ನೀರು ಕುದ್ದು ಉಕ್ಕಿ ಬರುವಾಗ ಅಮ್ಮನ ಕೈ ತಾನಾಗಿಯೇ ಒಲೆಯ ಕಡೆ ಹೋಯಿತು.

"ನೀನು ಮುಟ್ಬೇಡ ಅಮ್ಮ."

ಸಿಟ್ಟಿನ ದನಿಯಲ್ಲ. ಬಿಸಿಯಿದೆ ಮುಟ್ಟಬೇಡ ಅಂತ ನಾವು ಮಕ್ಕಳಿಗೆ ಹೇಳುತ್ತೇವಲ್ಲ, ಅಷ್ಟೇ ಮೆತ್ತಗೆ ಹೇಳಿದಳು. ಅಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಉಕ್ಕಿದ ನೀರು ಒಲೆಯ ಮೇಲೆ ಚುಂಯ್ ಅಂತು, ಗುಬ್ಬಿ ಅಕ್ಕನನ್ನು ಕೂಗಿ ಉರಿ ಸಣ್ಣ ಮಾಡಿಸಿದಳು. ಉಪ್ಪು ಹಿಡಿ ತುಂಬ ಹಾಕಿದಳು.

ಮಗು ಸ್ಟೂಲಿನ ಮೇಲೆಯೇ ಕೂತು, ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು, ಅರೆಬೆಂದ ಆಲೂಗೆಡ್ಡೆಯನ್ನು ಚಮಚದಿಂದ ಕುಟ್ಟಿ ಕುಟ್ಟಿ ತಿಂದಿತು. ಉಪ್ಪಿಗೆ ಮುಖ ಹಿಂಡಿತು, ನೀರು ಕುಡಿಯಿತು, ಮತ್ತೆ ತಿಂದಿತು. ಅಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಕಣ್ಣೀರು ಇಳಿದು ಗದ್ದಕ್ಕೆ ಬರುತ್ತಿತ್ತು, ಒರೆಸಿಕೊಳ್ಳಲೂ ಅವಳಿಗೆ ಧೈರ್ಯವಾಗಲಿಲ್ಲ. ಬಟ್ಟಲು ಖಾಲಿಯಾಗುವವರೆಗೆ ಆ ಕೈಗಳನ್ನು ಮುಂದಕ್ಕೆ ತರಲಿಲ್ಲ.